ಅಕ್ಕನ ಮನೆಯ ಲ್ಯಾಪ್‌ಟಾಪ್, ಲಿನಕ್ಸ್ ಮಿಂಟ್ ಮತ್ತು ಜಗಲಿ ದಾಟದ ವೈಫೈ

ಲಿನಕ್ಸ್ ಹಾಕಿದ ಮೇಲೆ ಕೈಕೊಟ್ಟ ವೈಫೈ ಸರಿ ಮಾಡಲು ಕೊನೆಗೆ ಕೆಲಸ ಮಾಡಿದ್ದು ಒಂದೇ ಒಂದು ಸಾಲು. ಆ ಸಾಲಿನ ಹತ್ತಿರ ಬರೋದಕ್ಕೆ ಐದು ದಿನ ಹಿಡಿಯಿತು. ಮಧ್ಯದಲ್ಲಿ ಒಂದು ಪ್ಲಾಸ್ಟಿಕ್ ಕ್ಲಿಪ್ ಮುರಿಯಿತು, ಒಂದು ಸ್ಕ್ರೂ ಕಳೆಯಿತು, ಏನೂ ತಪ್ಪು ಮಾಡದ ಒಬ್ಬ ಹುಡುಗನನ್ನು ಮನಸ್ಸಿನಲ್ಲೇ ಬೈದದ್ದೂ ಆಯಿತು. ನಿಮ್ಮ ಲ್ಯಾಪ್‌ಟಾಪ್‌ನಲ್ಲೂ ಇದೇ ವೈಫೈ ಕಾರ್ಡ್ (ರಿಯಲ್‌ಟೆಕ್ ಆರ್‌ಟಿಎಲ್8723ಬಿಇ) ಇದ್ದು, ಕಥೆ ಬೇಡ ಅನ್ನಿಸಿದರೆ ನೇರ 7ನೇ ಹಂತಕ್ಕೆ ಹೋಗಿ.

ಕಮಾಂಡ್‌ಗಳನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ (ಕಮಾಂಡ್ ಕೊಡುವ ಕಿಟಕಿ) ಇಂಗ್ಲಿಷ್ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಬೇಕು, ಅಷ್ಟೇ.

ಯಂತ್ರ

2016ರಲ್ಲಿ ನಾನೇ ಕೊಂಡು, ನಾಲ್ಕು ವರ್ಷ ಬಳಸಿ, ಆಮೇಲೆ ಅಕ್ಕನ ಮನೆಗೆ ಕೊಟ್ಟ 15.6 ಇಂಚಿನ ಲ್ಯಾಪ್‌ಟಾಪ್. ಇಂಟೆಲ್ ಐ3 5005ಯು ಪ್ರೊಸೆಸರ್. 2022ರಲ್ಲಿ ಪೇಟೆಯ ಅಂಗಡಿಯೊಂದರಲ್ಲಿ ಹಾರ್ಡ್ ಡಿಸ್ಕ್ ತೆಗೆಸಿ 240 ಜಿಬಿ ಎಸ್‌ಎಸ್‌ಡಿ ಹಾಕಿಸಿದ್ದರು, ರ‍್ಯಾಮ್ 8 ಜಿಬಿ ಮಾಡಿಸಿದ್ದರು. ಬ್ಯಾಟರಿ ಸತ್ತಿದೆ ಅಂದರೂ ಆದೀತು. ಕರೆಂಟ್ ಹೋದರೆ ಇಪ್ಪತ್ತು ನಿಮಿಷ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ಮುಗಿಯಿತಲ್ಲ, ಆಗ ಸೊಸೆ ಫೋನ್ ಮಾಡಿದಳು. (ಅಕ್ಕನ ಮಗಳು. ಪಿಯುಸಿ ಓದುತ್ತಿದ್ದಾಳೆ.) 'ಮಾವ, ಸ್ಕ್ರೀನ್ ಮೇಲೆ ಏನೋ ಎಚ್ಚರಿಕೆ ಬರ್ತಾ ಇದೆ, ಹೊಸ ಲ್ಯಾಪ್‌ಟಾಪ್ ತಗೋ ಅಂತಿದೆ.' ವಿಂಡೋಸ್ 11 ಬೇಕೆಂದರೆ ಇಂಟೆಲ್‌ನಲ್ಲಿ ಕನಿಷ್ಠ 8ನೇ ತಲೆಮಾರಿನ ಪ್ರೊಸೆಸರ್ ಇರಬೇಕು. ಇದು 5ನೆಯದು. ದೀಪಾವಳಿಗೆ ಹೇಗೂ ಸಾಗರದ ಕಡೆ ಹೋಗುವವನಿದ್ದೆ. 'ಹಬ್ಬಕ್ಕೆ ಬಂದಾಗ ಲಿನಕ್ಸ್ ಹಾಕಿಕೊಡ್ತೀನಿ, ಒಂದು ಗಂಟೆ ಕೆಲಸ' ಅಂದೆ. ಆ 'ಒಂದು ಗಂಟೆ' ಈಗ ಮನೆಯಲ್ಲಿ ಗಾದೆ ಥರ ಆಗಿದೆ.

1. ಅಕ್ಟೋಬರ್ 18, ಶನಿವಾರ ರಾತ್ರಿ: ಇನ್‌ಸ್ಟಾಲ್

ವಿಂಡೋಸ್ ಬದಲಿಗೆ ಹಾಕುವ ಉಚಿತ ಆಪರೇಟಿಂಗ್ ಸಿಸ್ಟಂ, ಲಿನಕ್ಸ್ ಮಿಂಟ್ 22.2, ಸಿನಮನ್ ಆವೃತ್ತಿ. 16 ಜಿಬಿ ಪೆನ್‌ಡ್ರೈವ್‌ಗೆ ಬೆಂಗಳೂರಿನಲ್ಲೇ ಹಾಕಿಕೊಂಡು ಹೋಗಿದ್ದೆ. ಸೊಸೆಯ ಫೋಟೋ, ನೋಟ್ಸ್ ಎಲ್ಲ ಇನ್ನೊಂದು ಡ್ರೈವ್‌ಗೆ ಕಾಪಿ ಮಾಡಿ, ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದೆ. ಇನ್‌ಸ್ಟಾಲ್ ಮಾಡುವ ಮೊದಲು ಲೈವ್‌ನಲ್ಲೇ (ಪೆನ್‌ಡ್ರೈವ್‌ನಿಂದಲೇ ಓಡಿಸಿ) ಎಲ್ಲ ನೋಡಬೇಕು ಅನ್ನೋದು ನನ್ನ ನಿಯಮ. ಸೌಂಡ್ ಬಂತು. ಕ್ಯಾಮೆರಾ ಬಂತು. ವೈಫೈ ಹೆಸರು ಬಂತು, ಪಾಸ್‌ವರ್ಡ್ ಕೊಟ್ಟೆ, ಕನೆಕ್ಟ್ ಆಯಿತು, ವಿಡಿಯೋ ಓಡಿತು. ಇನ್‌ಸ್ಟಾಲ್ ಒತ್ತಿದೆ. ಅರ್ಧ ಗಂಟೆಯಲ್ಲಿ ಮುಗಿಯಿತು.

ಮೊದಲ ತಪ್ಪು ಇಲ್ಲೇ ಇದೆ. ನಾನು ಕೂತಿದ್ದು ಜಗಲಿಯಲ್ಲಿ. ರೂಟರ್ ಇರುವುದೂ ಜಗಲಿಯಲ್ಲೇ, ನನ್ನ ತಲೆಯ ಮೇಲಿನ ಗೂಡಿನಲ್ಲಿ. ನಡುವೆ ನಾಲ್ಕು ಅಡಿ ಇದ್ದರೆ ಹೆಚ್ಚು. ಅಲ್ಲಿ ಕೂತು 'ವೈಫೈ ಓಕೆ' ಅಂತ ಟಿಕ್ ಹಾಕಿಬಿಟ್ಟೆ.

2. ಅಕ್ಟೋಬರ್ 19, ಭಾನುವಾರ ಬೆಳಿಗ್ಗೆ: ಗೋಡೆ ಮೇಲೆ ಅನುಮಾನ

ಸೊಸೆ ಲ್ಯಾಪ್‌ಟಾಪ್ ಎತ್ತಿಕೊಂಡು ಉಪ್ಪರಿಗೆಗೆ ಹೋದಳು. ಐದು ನಿಮಿಷಕ್ಕೆ ಕೆಳಗಿಳಿದು ಬಂದಳು. 'ಮಾವ, ನೆಟ್ ಬರ್ತಿಲ್ಲ.' ಜಗಲಿಗೆ ತಂದರೆ ಬರುತ್ತದೆ. ಊಟದ ಮನೆಗೆ ಹೋದರೆ ಒಂದು ಗೀಟು. ಅಡುಗೆಮನೆಯಲ್ಲಿ ಕಟ್.

ಅಕ್ಕನ ಮನೆ ಹಳೆಯದು. ಜಂಬಿಟ್ಟಿಗೆ ಕಲ್ಲಿನ ಗೋಡೆ, ಒಂದೂವರೆ ಅಡಿ ದಪ್ಪ. 'ಇಷ್ಟು ದಪ್ಪದ ಗೋಡೆ ದಾಟಿ ಸಿಗ್ನಲ್ ಎಲ್ಲಿ ಬರುತ್ತೆ' ಅಂದೆ, ದೊಡ್ಡ ತಜ್ಞನ ಹಾಗೆ. ಅವಳು ಆಗಲೇ ಹೇಳಿದ್ದಳು: 'ಹೋದ ವಾರದವರೆಗೂ ಉಪ್ಪರಿಗೆಯಲ್ಲೇ ಕೂತು ಕ್ಲಾಸ್ ನೋಡ್ತಿದ್ದೆ.' ಗೋಡೆ ಹೋದ ವಾರವೂ ಅಷ್ಟೇ ದಪ್ಪ ಇತ್ತು ಅಲ್ವಾ? ಆ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲೇ ಇಲ್ಲ. ರೂಟರನ್ನು ಗೂಡಿನಿಂದ ತೆಗೆದು ನಡುಮನೆಯ ಕಪಾಟಿನ ಮೇಲೆ ಇಡಲು ಹೊರಟೆ. ಫೈಬರ್ ತಂತಿ ಅಲ್ಲಿಗೆ ಮುಟ್ಟಲಿಲ್ಲ. ವಾಪಸ್ ಇಟ್ಟೆ.

3. ಅದೇ ದಿನ ಮಧ್ಯಾಹ್ನ: ಮಾಮೂಲಿ ತಪಾಸಣೆ

ಮೊದಲು ಎಲ್‌ಎಸ್‌ಪಿಸಿಐ ಮೈನಸ್ ಎನ್‌ಎನ್‌ಕೆ, ಒಳಗೆ ಯಾವ ಕಾರ್ಡ್‌ಗಳಿವೆ ಅಂತ ತೋರಿಸುವ ಕಮಾಂಡ್. ಕಾರ್ಡ್ ರಿಯಲ್‌ಟೆಕ್ ಆರ್‌ಟಿಎಲ್8723ಬಿಇ, ಐಡಿ 10ಇಸಿ:ಬಿ723. ಬಳಕೆಯಲ್ಲಿರುವ ಡ್ರೈವರ್ (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ಹೆಸರೂ ಆರ್‌ಟಿಎಲ್8723ಬಿಇ. 2014ರಿಂದಲೇ ಕರ್ನಲ್ (ಲಿನಕ್ಸ್‌ನ ತಿರುಳು) ಒಳಗೆ ಇರುವ ಡ್ರೈವರ್ ಇದು. ಹುಡುಕಿ ತಂದು ಹಾಕುವ ಅಗತ್ಯ ಇಲ್ಲ. 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುವ, ಬ್ಲೂಟೂತ್ ಕೂಡ ಒಳಗೇ ಇರುವ ಅಗ್ಗದ ಕಾರ್ಡ್.

ವೈಫೈ ಎಲ್ಲಾದರೂ ಬಂದ್ ಆಗಿದೆಯಾ ಅಂತ ಆರ್‌ಎಫ್‌ಕಿಲ್ ಲಿಸ್ಟ್ ನೋಡಿದೆ. ಸಾಫ್ಟ್ ಬ್ಲಾಕ್ ಇಲ್ಲ, ಹಾರ್ಡ್ ಬ್ಲಾಕ್ ಇಲ್ಲ. ಡಿಮೆಸ್ಗ್‌ನಲ್ಲಿ (ಕರ್ನಲ್ ಬರೆದಿಡುವ ಸಂದೇಶಗಳು) ಫರ್ಮ್‌ವೇರ್ ಫೈಲ್, ಅಂದರೆ ಕಾರ್ಡ್ ಒಳಗೆ ಓಡುವ ಸಾಫ್ಟ್‌ವೇರ್, ಸಿಕ್ಕಿದೆ ಅಂತಲೇ ಇತ್ತು. ಕೆಂಪು ಅಕ್ಷರದ ಎರರ್ ಒಂದೂ ಇಲ್ಲ. ಇದೇ ತಲೆ ಕೆಡಿಸಿದ್ದು. ಡ್ರೈವರ್ ಇಲ್ಲದಿದ್ದರೆ ಹಾಕಬಹುದು, ಫರ್ಮ್‌ವೇರ್ ಇಲ್ಲದಿದ್ದರೆ ತರಬಹುದು. ಎಲ್ಲ ಸರಿ ಇದೆ ಅಂತ ಹೇಳಿಕೊಂಡು ಕೆಲಸ ಮಾಡದಿದ್ದರೆ ಯಾರನ್ನು ಕೇಳೋದು?

ನಂತರ ಪವರ್ ಸೇವಿಂಗ್. ಇಟಿಸಿ ಫೋಲ್ಡರ್‌ನ ನೆಟ್‌ವರ್ಕ್‌ಮ್ಯಾನೇಜರ್ ಒಳಗೆ ಕಾನ್ಫ್ ಡಾಟ್ ಡಿ ಅಂತ ಇದೆ. ಅಲ್ಲಿ ವೈಫೈ ಪವರ್‌ಸೇವ್ ಫೈಲ್‌ನಲ್ಲಿ 3 ಇತ್ತು, ಅಂದರೆ ಆನ್. ಅದನ್ನು 2 ಮಾಡಿ ಆಫ್ ಮಾಡಿದೆ. ರೀಸ್ಟಾರ್ಟ್. ಊಟದ ಮನೆಯಲ್ಲಿ ಅದೇ ಒಂದು ಗೀಟು. ಡ್ರೈವರ್‌ಗೇ ಇರುವ ಐಪಿಎಸ್, ಎಫ್‌ಡಬ್ಲ್ಯೂಎಲ್‌ಪಿಎಸ್ ಎಂಬ ಎರಡು ಆಯ್ಕೆಗಳನ್ನೂ 0 ಮಾಡಿದೆ. ವ್ಯತ್ಯಾಸ ಇಲ್ಲ. ಈ ಕಾರ್ಡ್ ಬಗ್ಗೆ ಎಲ್ಲಿ ಕೇಳಿದರೂ ಮೊದಲು ಸಿಗುವ ಸಲಹೆ ಇದೇ. ಕನೆಕ್ಷನ್ ಆಗಾಗ ಕಟ್ ಆಗುವ ತೊಂದರೆಗೆ ಅದು ಸರಿ. ಸಿಗ್ನಲ್ಲೇ ಬರದಿದ್ದರೆ ಏನೂ ಪ್ರಯೋಜನ ಇಲ್ಲ.

ಇಷ್ಟೆಲ್ಲ ಮಾಡುವಾಗ ಒಂದು ಅಂಕಿಯನ್ನೂ ಬರೆದುಕೊಂಡಿರಲಿಲ್ಲ. ಮೂಲೆಯ ಗೀಟು ಎಣಿಸುತ್ತಾ ಕೂತಿದ್ದೆ. ಗೀಟು ಎರಡಾಯಿತು, ಒಂದಾಯಿತು, ಮತ್ತೆ ಎರಡಾಯಿತು. ಅದನ್ನು ನಂಬಿಕೊಂಡು ಕೆಲಸ ಮಾಡೋಕಾಗಲ್ಲ.

4. ಅಕ್ಟೋಬರ್ 20, ಸೋಮವಾರ: ಡ್ರೈವರ್ ಕಂಪೈಲ್, ದಂಡ

ನರಕ ಚತುರ್ದಶಿ. ಎಣ್ಣೆ ಸ್ನಾನ ಮುಗಿಸಿ, ತಿಂಡಿ ತಿಂದು ಮತ್ತೆ ಕೂತೆ. 'ಹಬ್ಬಕ್ಕೆ ಬಂದಿದ್ದಾ, ರಿಪೇರಿಗೆ ಬಂದಿದ್ದಾ?' ಅಂತ ಅಕ್ಕ.

ಕರ್ನಲ್‌ನಲ್ಲಿರುವ ಡ್ರೈವರ್ ಬಿಟ್ಟು, ಹೊರಗಿನ ಕೋಡ್ ತಂದು ಕಂಪೈಲ್ ಮಾಡಿದರೆ (ಕೋಡ್‌ನಿಂದ ಡ್ರೈವರ್ ನಾವೇ ತಯಾರಿಸಿದರೆ) ಹೇಗೆ ಅಂತ ಯೋಚನೆ. ರಿಯಲ್‌ಟೆಕ್ ಕಾರ್ಡ್ ಇಟ್ಟುಕೊಂಡು ಲಿನಕ್ಸ್ ಬಳಸಿದವರಿಗೆ ಲ್ಯಾರಿ ಫಿಂಗರ್ ಹೆಸರು ಗೊತ್ತಿರುತ್ತದೆ. ವರ್ಷಗಟ್ಟಲೆ ಈ ಡ್ರೈವರ್‌ಗಳನ್ನು ನೋಡಿಕೊಂಡು, ನನ್ನಂಥವರ ಪ್ರಶ್ನೆಗಳಿಗೆ ಬೇಸರ ಇಲ್ಲದೆ ಉತ್ತರ ಕೊಡುತ್ತಿದ್ದ ಹಿರಿಯರು. 2024ರ ಜೂನ್‌ನಲ್ಲಿ ತೀರಿಕೊಂಡರು. ಹತ್ತು ವರ್ಷದ ಹಿಂದೆ ನನ್ನ ಬೇರೊಂದು ಲ್ಯಾಪ್‌ಟಾಪ್ ಸರಿಹೋಗಿದ್ದು ಅವರ ಕೋಡ್‌ನಿಂದಲೇ. ಅದೇ ನೆನಪಿನ ಮೇಲೆ ಅದೇ ಹಳೆಯ ಕೋಡ್ ಇಳಿಸಿಕೊಂಡೆ.

ಜಗಲಿಯಲ್ಲೇ ಕೂತಿದ್ದರೂ ಡೌನ್‌ಲೋಡ್ ಆಗಾಗ ನಿಲ್ಲುತ್ತಿತ್ತು. ಹಾಗಾಗಿ ನನ್ನ ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಸಿಕ್ಕಿಸಿ, ಫೋನ್‌ನಲ್ಲಿ ಯುಎಸ್‌ಬಿ ಟೆಥರಿಂಗ್ ಆನ್ ಮಾಡಿದೆ. ಮಿಂಟ್‌ನಲ್ಲಿ ಏನೂ ಸೆಟ್ಟಿಂಗ್ ಬೇಡ, ತಂತಿಯ ನೆಟ್‌ವರ್ಕ್ ಥರ ತಾನೇ ಬರುತ್ತದೆ. ವೈಫೈ ಕೈಕೊಟ್ಟ ಲಿನಕ್ಸ್‌ಗೆ ಇದಕ್ಕಿಂತ ಒಳ್ಳೆಯ ಊರುಗೋಲು ಇಲ್ಲ. ದಿನದ 1.5 ಜಿಬಿ ಡೇಟಾ ಮಧ್ಯಾಹ್ನದೊಳಗೆ ಖಾಲಿ.

ಬಿಲ್ಡ್ ಎಸೆನ್ಷಿಯಲ್, ಕರ್ನಲ್ ಹೆಡರ್ ಎಲ್ಲ ಹಾಕಿ, ಮೇಕ್ ಕೊಟ್ಟೆ. ಎರರ್‌ಗಳ ಸಾಲು. ಮಿಂಟ್ 22.2 ಜೊತೆ ಬಂದಿದ್ದು 6.14 ಕರ್ನಲ್, ಕೋಡ್ ಅದಕ್ಕಿಂತ ಎಷ್ಟೋ ಹಳೆಯದು. ಒಂದೊಂದೇ ಎರರ್ ತಿದ್ದುತ್ತಾ ಹೋದೆ. ನಾಲ್ಕನೆಯದು ತಿದ್ದುವಷ್ಟರಲ್ಲಿ ಕರೆಂಟ್ ಹೋಯಿತು. ಇಪ್ಪತ್ತು ನಿಮಿಷದ ಬ್ಯಾಟರಿ ಹದಿನೆಂಟಕ್ಕೇ ಮುಗಿಯಿತು. ಸೇವ್ ಮಾಡಿರಲಿಲ್ಲ.

ಅಂಗಳದಲ್ಲಿ ದನಗಳ ಕೊರಳಿಗೆ ಅಡಿಕೆ ಸರ ಕಟ್ಟಲು ಅಡಿಕೆ ಆರಿಸುತ್ತಾ ಕೂತಿದ್ದ ಭಾವ ತಲೆ ಎತ್ತಿ ಕೇಳಿದ: 'ಆತಾ ಭಾವ?'

ಆಗಿರಲಿಲ್ಲ. ಆ ದಿನದ ಕೆಲಸವೆಲ್ಲ ದಂಡ. ಈಗ ನೋಡಿದರೆ, ಡ್ರೈವರ್ ಬದಲಿಸಲು ಕಾರಣವೇ ಇರಲಿಲ್ಲ. ಇದ್ದ ಡ್ರೈವರ್ ಸರಿಯಾಗಿಯೇ ಇತ್ತು.

5. ಅಕ್ಟೋಬರ್ 21, ಮಂಗಳವಾರ: ಡಾಂಗಲ್, ಆಮೇಲೆ ಮೊದಲ ಸಲ ಅಳತೆ

ಬೆಳಿಗ್ಗೆ ಪೇಟೆಗೆ ಹೋಗಿ 450 ರೂಪಾಯಿಗೆ ಯುಎಸ್‌ಬಿ ವೈಫೈ ಡಾಂಗಲ್ ತಂದೆ. ಜೊತೆಗೆ ಸಣ್ಣ ಸ್ಕ್ರೂಡ್ರೈವರ್ ಸೆಟ್, 180 ರೂಪಾಯಿ. ಡಾಂಗಲ್ ಸಿಕ್ಕಿಸಿದರೆ ವೈಫೈ ಬರಲಿಲ್ಲ, ಡೆಸ್ಕ್‌ಟಾಪ್ ಮೇಲೆ ಒಂದು ಸಿಡಿ ಚಿತ್ರ ಬಂತು. ಒಳಗೆ ವಿಂಡೋಸ್ ಡ್ರೈವರ್ ಇನ್‌ಸ್ಟಾಲ್ ಮಾಡುವ ಫೈಲ್. ಇದು ಲಿನಕ್ಸ್‌ಗೆ ಆಗೋದಲ್ಲ ಅಂತ ತೀರ್ಮಾನಿಸಿ ಮಧ್ಯಾಹ್ನವೇ ವಾಪಸ್ ಕೊಟ್ಟೆ. ಪ್ಯಾಕೆಟ್ ಹರಿದಿತ್ತು ಅಂತ 50 ರೂಪಾಯಿ ಹಿಡಿದುಕೊಂಡು 400 ಕೊಟ್ಟರು. ನ್ಯಾಯವೇ.

ಆಮೇಲೆ ಗೊತ್ತಾಯಿತು: ಈ ಜಾತಿಯ ಎಷ್ಟೋ ಡಾಂಗಲ್‌ಗಳು ಮೊದಲು ಸಿಡಿ ವೇಷದಲ್ಲೇ ಬರುತ್ತವೆ. ಆ ಸಿಡಿಯನ್ನು ಇಜೆಕ್ಟ್ ಮಾಡಿದರೆ ವೇಷ ಕಳಚಿ ವೈಫೈ ಆಗುತ್ತವೆ. ಒಂದು ರೈಟ್ ಕ್ಲಿಕ್ ಮಾಡಿ ನೋಡುವಷ್ಟೂ ತಾಳ್ಮೆ ನನಗಿರಲಿಲ್ಲ.

ಸಂಜೆ ಊಟದ ಮನೆಯ ಮಣೆ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದೆ. ಪಕ್ಕದಲ್ಲೇ ಸೊಸೆ ಫೋನ್‌ನಲ್ಲಿ ಆರಾಮಾಗಿ ವಿಡಿಯೋ ನೋಡುತ್ತಿದ್ದಳು. ಅದೇ ರೂಟರ್. ಅದೇ ಗೋಡೆ. ಮೂರು ದಿನದಿಂದ ಕಣ್ಣೆದುರಿಗೇ ಇದ್ದದ್ದು ಆಗ ಹೊಳೆಯಿತು.

ಸರಿ, ಅಳೆಯೋಣ ಅಂತ. ಫೋನ್ 5 ಗಿಗಾಹರ್ಟ್ಸ್‌ನಲ್ಲಿತ್ತು. ರೂಟರ್‌ನಲ್ಲಿ ಅದನ್ನು ಆಫ್ ಮಾಡಿ ಎರಡನ್ನೂ 2.4ಕ್ಕೇ ತಂದೆ, ಇಲ್ಲದಿದ್ದರೆ ಹೋಲಿಕೆಗೆ ಅರ್ಥ ಇಲ್ಲ. ಫೋನ್‌ನಲ್ಲಿ ಒಂದು ವೈಫೈ ಅನಲೈಸರ್ ಆ್ಯಪ್. ಲ್ಯಾಪ್‌ಟಾಪ್‌ನಲ್ಲಿ ಐಡಬ್ಲ್ಯೂ ಡೆವ್, ಇಂಟರ್‌ಫೇಸ್ ಹೆಸರು, ಲಿಂಕ್. ಅದರಲ್ಲಿ ಸಿಗ್ನಲ್ ಅಂತ ಒಂದು ಸಾಲು ಬರುತ್ತದೆ, ಡಿಬಿಎಂ ಲೆಕ್ಕದಲ್ಲಿ. ಮೈನಸ್ ಅಂಕಿ ಸೊನ್ನೆಗೆ ಹತ್ತಿರ ಇದ್ದಷ್ಟೂ ಒಳ್ಳೆಯದು. ಮೈನಸ್ 60ರ ಆಸುಪಾಸು ಇದ್ದರೆ ವಿಡಿಯೋ ಸರಾಗ, ಮೈನಸ್ 80 ದಾಟಿದರೆ ಏದುಸಿರು. ಒಂದೊಂದು ಜಾಗದಲ್ಲಿ ಮೂರು ಸಲ ನೋಡಿ ನಡುವಿನ ಅಂಕಿ ಬರೆದೆ:

ಜಗಲಿ, ರೂಟರ್ ಕೆಳಗೆ: ಫೋನ್ ಮೈನಸ್ 33, ಲ್ಯಾಪ್‌ಟಾಪ್ ಮೈನಸ್ 62.
ಊಟದ ಮನೆ: ಫೋನ್ ಮೈನಸ್ 54, ಲ್ಯಾಪ್‌ಟಾಪ್ ಮೈನಸ್ 85.
ಉಪ್ಪರಿಗೆ: ಫೋನ್ ಮೈನಸ್ 64, ಲ್ಯಾಪ್‌ಟಾಪ್ ಕನೆಕ್ಟ್ ಆಗಲಿಲ್ಲ.

ರೂಟರ್ ಕೆಳಗೆ ಕೂತರೂ ಮೈನಸ್ 62! ಪವರ್ ಸೇವಿಂಗ್‌ನಿಂದ ಹೀಗಾಗಲ್ಲ. ಎಲ್ಲ ಕಡೆಯೂ ಸುಮಾರು 30 ಡಿಬಿ ಕಡಿಮೆ, ಅಂದರೆ ಫೋನಿಗೆ ಸಿಗುವುದರ ಸಾವಿರದಲ್ಲೊಂದು ಪಾಲು. ಆಂಟೆನಾ ಇಲ್ಲದ ರೇಡಿಯೋ ಹೀಗೆ ವರ್ತಿಸುತ್ತದೆ. ಎನ್‌ಎಂಸಿಎಲ್‌ಐ ಕೊಟ್ಟು ಸುತ್ತಲಿನ ವೈಫೈ ಪಟ್ಟಿ ನೋಡಿದರೆ ನಮ್ಮದೊಂದೇ ಹೆಸರು. ಫೋನ್‌ನಲ್ಲಿ ತೋಟದಾಚೆಯ ಮನೆಯದೂ ಕಾಣುತ್ತಿತ್ತು.

6. ಅದೇ ರಾತ್ರಿ: ಬಿಚ್ಚಿದ್ದು

ಈಗ ನನ್ನ ಅನುಮಾನ 2022ರಲ್ಲಿ ಎಸ್‌ಎಸ್‌ಡಿ ಹಾಕಿದ ಅಂಗಡಿ ಹುಡುಗನ ಮೇಲೆ ಹೋಯಿತು. ಮುಚ್ಚುವಾಗ ಆಂಟೆನಾ ತಂತಿ ಕಳಚಿರಬೇಕು, ನೋಡದೆ ಮುಚ್ಚಿರಬೇಕು. ಹಾಗಿದ್ದರೆ ಮೂರು ವರ್ಷ ವಿಂಡೋಸ್‌ನಲ್ಲಿ ಹೇಗೆ ನಡೆಯಿತು ಅನ್ನುವ ಪ್ರಶ್ನೆ ಬರಬೇಕಿತ್ತು. ಬರಲಿಲ್ಲ. ಬೈಯುವ ಹುಮ್ಮಸ್ಸಿನಲ್ಲಿ ಲೆಕ್ಕ ತಪ್ಪುತ್ತದೆ.

ಚಾರ್ಜರ್ ತೆಗೆದೆ. ಬ್ಯಾಟರಿ ಹೊರಗಿನಿಂದಲೇ ಜಾರಿಸಿ ತೆಗೆಯುವಂಥದ್ದು, ಅದನ್ನೂ ತೆಗೆದೆ. ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಲ್ಯಾಪ್‌ಟಾಪ್‌ನ ತಳದ ಚಿತ್ರ ಬರೆದು, ಯಾವ ಸ್ಕ್ರೂ ಎಲ್ಲಿಯದೋ ಅಲ್ಲೇ ಇಡುತ್ತಾ ಹೋದೆ. ಒಂಬತ್ತು ಸ್ಕ್ರೂ ಬಂತು. ತಳ ಬರಲಿಲ್ಲ. ಹಳೆಯ ಎಟಿಎಂ ಕಾರ್ಡ್ ಅಂಚಿಗೆ ತೂರಿಸಿ ಎತ್ತಿದೆ. ಟಕ್ ಅಂತ ಸದ್ದು. ಬಿಚ್ಚಿತು ಅಂದುಕೊಂಡೆ, ಕ್ಲಿಪ್ ಮುರಿದಿತ್ತು. ಹಿಂಭಾಗದ ಎರಡು ರಬ್ಬರ್ ಕಾಲುಗಳ ಕೆಳಗೆ ಇನ್ನೆರಡು ಸ್ಕ್ರೂ ಇದ್ದವು. ಒಟ್ಟು ಹನ್ನೊಂದು. ರಬ್ಬರ್ ಕಾಲಿನ ಕೆಳಗೆ ನೋಡದೆ ಯಾವತ್ತೂ ಎಳೆಯಬೇಡಿ.

ವೈಫೈ ಕಾರ್ಡ್ ಹುಡುಕುವುದು ಕಷ್ಟವಲ್ಲ. ಅಂಚೆ ಚೀಟಿಗಿಂತ ಸ್ವಲ್ಪ ದೊಡ್ಡದು, 22 ಮಿಲಿಮೀಟರ್ ಅಗಲ, 30 ಉದ್ದ. ಒಂದೇ ಸ್ಕ್ರೂನಲ್ಲಿ ಕೂತಿದೆ. ಟಾರ್ಚ್ ಹಿಡಿದು ಸೊಸೆ ಬಗ್ಗಿದಳು. ಕಾರ್ಡಿನ ತುದಿಯಲ್ಲಿ ಚಿನ್ನದ ಬಣ್ಣದ ಎರಡು ಪುಟಾಣಿ ಉಂಗುರ. ರವಿಕೆಯ ಟಿಚ್ ಬಟನ್ ಇರುತ್ತಲ್ಲ, ಅದನ್ನು ಸಾಸಿವೆ ಕಾಳಿನಷ್ಟು ಮಾಡಿದರೆ ಹೇಗೋ ಹಾಗೆ. ಪಕ್ಕದಲ್ಲಿ 1, 2 ಅಂತ ಅಚ್ಚು. 2ರ ಮೇಲೆ ಕಪ್ಪು ತಂತಿ ಗಟ್ಟಿಯಾಗಿ ಕೂತಿತ್ತು. 1 ಖಾಲಿ.

'ಇನ್ನೊಂದು ತಂತಿ ಎಲ್ಲಿ ಮಾವ?'

ಅದನ್ನೇ ಹುಡುಕಿದೆವು. ಕೀಲಿನ ತನಕ ತಂತಿಯ ದಾರಿ ಹಿಡಿದು ಹೋದೆವು. ಇನ್ನೊಂದು ತಂತಿ ಇರಲೇ ಇಲ್ಲ. ಇದ್ದ ಒಂದಕ್ಕೆ ಕಾರ್ಖಾನೆಯ ಟೇಪ್ ಹಾಗೇ ಅಂಟಿತ್ತು, ಯಾರೂ ಮುಟ್ಟಿದ ಗುರುತಿಲ್ಲ. ತಯಾರಿಸುವಾಗಲೇ ಒಂದೇ ಆಂಟೆನಾ ಹಾಕಿ, ಅದನ್ನು ಎರಡನೇ ಬಟನ್‌ಗೆ ಸಿಕ್ಕಿಸಿ ಕಳಿಸಿದ್ದಾರೆ. ಅಂಗಡಿ ಹುಡುಗ ನಿರ್ದೋಷಿ.

ಲಿನಕ್ಸ್ ಡ್ರೈವರ್ ಖಾಲಿ ಬಟನ್‌ಗೆ ಕಿವಿ ಕೊಟ್ಟು ಕೂತಿದೆ ಅಂತ ಆಗ ಅರ್ಥ ಆಯಿತು.

ತಂತಿಯನ್ನೇ ಕಿತ್ತು 1ಕ್ಕೆ ಹಾಕಿಬಿಡೋಣ ಅನ್ನಿಸಿತು. ಹಾಗೆ ಮಾಡಿದವರಿದ್ದಾರೆ. ಆದರೆ ಟೇಪ್ ಕಿತ್ತರೂ ತಂತಿ ಎಳೆದು ಕೂರಿಸಬೇಕಾಗುತ್ತಿತ್ತು. ಈ ಪುಟ್ಟ ಬಟನ್‌ಗಳು ಹತ್ತಾರು ಸಲ ತೆಗೆದು ಹಾಕುವುದಕ್ಕೆ ಮಾಡಿದವಲ್ಲ. ಒಂದು ಸಲ ಸೊಟ್ಟಗಾದರೆ ಕಾರ್ಡೇ ಹೋದ ಹಾಗೆ. ಆ ದಿನ ಆಗಲೇ ಒಂದು ಕ್ಲಿಪ್ ಮುರಿದಿದ್ದೆ. ಕೈ ತಡೆಯಿತು.

ತಳ ಮುಚ್ಚಿದೆ. ಹತ್ತು ಸ್ಕ್ರೂ ಹಾಕಿದೆ. ಹನ್ನೊಂದನೆಯದು ಕ್ಯಾಲೆಂಡರ್ ಹಾಳೆ ಮೇಲೆ ಇರಲಿಲ್ಲ. ಬೆಕ್ಕು ಓಡಾಡಿತ್ತು.

ರಾತ್ರಿ ಹನ್ನೊಂದೂವರೆಗೆ ಮಾಡ್‌ಇನ್ಫೋ ಮೈನಸ್ ಪಿ ಕೊಟ್ಟು ಡ್ರೈವರ್‌ನ ಆಯ್ಕೆಗಳನ್ನೆಲ್ಲ ಓದಿದೆ. ಭಾನುವಾರವೂ ಇದೇ ಪಟ್ಟಿ ನೋಡಿದ್ದೆ, ಐಪಿಎಸ್ ಹುಡುಕಿಕೊಂಡು. ಅದೇ ಪಟ್ಟಿಯಲ್ಲಿ ಆಂಟ್ ಅಂಡರ್‌ಸ್ಕೋರ್ ಸೆಲ್ ಅಂತ ಒಂದಿದೆ. ವಿವರಣೆ: 1 ಅಥವಾ 2 ಕೊಟ್ಟರೆ ಆ ಆಂಟೆನಾವನ್ನೇ ಬಳಸುತ್ತದೆ, ಸುಮ್ನೆ ಬಿಟ್ಟರೆ 0. ಅಂದರೆ ಈ ತೊಂದರೆ ಎಷ್ಟು ಜನಕ್ಕೆ ಬಂದಿರಬೇಕು ಅಂದರೆ, ಡ್ರೈವರ್ ಬರೆದವರು ಅದಕ್ಕೇ ಒಂದು ಸ್ವಿಚ್ ಇಟ್ಟಿದ್ದಾರೆ.

ಇಟಿಸಿ ಒಳಗಿನ ಮಾಡ್‌ಪ್ರೋಬ್ ಡಾಟ್ ಡಿ ಫೋಲ್ಡರ್‌ನಲ್ಲಿ ಹೊಸ ಫೈಲ್ ಮಾಡಿ, ಡ್ರೈವರ್ ಹೆಸರನ್ನೇ ಅದಕ್ಕೆ ಇಟ್ಟೆ. ಒಳಗೆ ಒಂದು ಸಾಲು: ಆಪ್ಶನ್ಸ್, ಡ್ರೈವರ್ ಹೆಸರು, ಆಂಟ್ ಅಂಡರ್‌ಸ್ಕೋರ್ ಸೆಲ್ ಈಕ್ವಲ್ 2. ರೀಸ್ಟಾರ್ಟ್. ಊಟದ ಮನೆ: ಮೈನಸ್ 85. 1 ಮಾಡಿ ರೀಸ್ಟಾರ್ಟ್. ಮೈನಸ್ 86.

ಮಲಗಿದೆ. ನಿದ್ದೆ ಬರಲಿಲ್ಲ. ಮರುದಿನ ಬಲಿಪಾಡ್ಯಮಿ, ಗೋಪೂಜೆ. ಲ್ಯಾಪ್‌ಟಾಪ್ ಮುಟ್ಟಿದರೆ ಊಟ ಇಲ್ಲ ಅಂತ ಅಕ್ಕ ಮೊದಲೇ ಹೇಳಿದ್ದಳು. ಮುಟ್ಟಲಿಲ್ಲ.

7. ಅಕ್ಟೋಬರ್ 23, ಗುರುವಾರ: ಸರಿಹೋಯಿತು

ಒಂದು ದಿನ ಬಿಟ್ಟಿದ್ದೇ ಒಳ್ಳೆಯದಾಯಿತು. ಬೆಳಿಗ್ಗೆ ಕಾಫಿ ಕುಡಿಯುವಾಗ ಬಂದ ಪ್ರಶ್ನೆ: ಯಾವ ಆಂಟೆನಾ ಬಳಸಬೇಕು ಅಂತ ಹೇಳುವ ಆಂಟ್ ಅಂಡರ್‌ಸ್ಕೋರ್ ಸೆಲ್ ಆಯ್ಕೆಗೆ ನಾನು ಕೊಟ್ಟ 2 ಡ್ರೈವರ್‌ಗೆ ಮುಟ್ಟಿತ್ತಾ?

ಅದನ್ನು ನೋಡುವ ದಾರಿ ಇದೆ. ಸಿಸ್ ಫೋಲ್ಡರ್ ಒಳಗೆ ಮಾಡ್ಯೂಲ್, ಅದರೊಳಗೆ ಡ್ರೈವರ್ ಹೆಸರು (ಆರ್‌ಟಿಎಲ್8723ಬಿಇ), ಅದರೊಳಗೆ ಪ್ಯಾರಾಮೀಟರ್ಸ್. ಅಲ್ಲಿ ಆಂಟ್ ಅಂಡರ್‌ಸ್ಕೋರ್ ಸೆಲ್ ಫೈಲನ್ನು ಕ್ಯಾಟ್ ಕಮಾಂಡ್ ಕೊಟ್ಟು ಓದಿದೆ. 0 ಅಂತ ಬಂತು.

ಮುಟ್ಟೇ ಇರಲಿಲ್ಲ. ಯಾಕೆ ಅಂದರೆ, ಇಟಿಸಿ ಒಳಗಿನ ಮಾಡ್‌ಪ್ರೋಬ್ ಡಾಟ್ ಡಿ ಫೋಲ್ಡರ್‌ನಲ್ಲಿ ಹೆಸರಿನ ಕೊನೆಗೆ ಡಾಟ್ ಕಾನ್ಫ್ ಇರುವ ಫೈಲ್‌ಗಳನ್ನು ಮಾತ್ರ ಓದುತ್ತದೆ. ನನ್ನ ಫೈಲ್‌ಗೆ ಡಾಟ್ ಕಾನ್ಫ್ ಇರಲಿಲ್ಲ. ಎರರ್ ಇಲ್ಲ, ಎಚ್ಚರಿಕೆ ಇಲ್ಲ, ಸುಮ್ನೆ ಬಿಟ್ಟು ಮುಂದೆ ಹೋಗಿದೆ. ಭಾನುವಾರ ಐಪಿಎಸ್, ಎಫ್‌ಡಬ್ಲ್ಯೂಎಲ್‌ಪಿಎಸ್ 0 ಮಾಡಿದ ಫೈಲ್‌ಗೂ ಇದೇ ಗತಿ ಅಂತ ಆಗ ಗೊತ್ತಾಯಿತು. ಅಂದರೆ ಆ ಪರೀಕ್ಷೆಯೂ ನಡೆದೇ ಇರಲಿಲ್ಲ! ಇದಕ್ಕಿಂತ ನಾಚಿಕೆ ಬೇರೆ ಬೇಕೆ.

ಈ ಸಲ ಫೈಲ್ ಬಿಟ್ಟು ಕೈಯಲ್ಲೇ ಮಾಡಿದೆ. ಊಟದ ಮನೆಯಲ್ಲೇ ಕೂತು:

ಸುಡೋ ಮಾಡ್‌ಪ್ರೋಬ್ ಮೈನಸ್ ಆರ್, ಡ್ರೈವರ್ ಹೆಸರು ಕೊಟ್ಟು ಡ್ರೈವರ್ ಇಳಿಸಿದೆ. ಮೂಲೆಯ ವೈಫೈ ಚಿತ್ರ ಮಾಯ.
ಸುಡೋ ಮಾಡ್‌ಪ್ರೋಬ್, ಡ್ರೈವರ್ ಹೆಸರು, ಆಂಟ್ ಅಂಡರ್‌ಸ್ಕೋರ್ ಸೆಲ್ ಈಕ್ವಲ್ 1. ಕನೆಕ್ಟ್ ಆಗಲು ಒದ್ದಾಡಿತು. ಮೈನಸ್ 85.
ಮತ್ತೆ ಇಳಿಸಿ, ಈಕ್ವಲ್ 2.

ಎಂಟತ್ತು ಸೆಕೆಂಡ್ ಏನೂ ಇಲ್ಲ. ಆಮೇಲೆ ಪಟ್ಟಿ ತುಂಬಿತು. ನಮ್ಮ ರೂಟರ್, ಅದರ ಕೆಳಗೆ ತೋಟದಾಚೆಯ ಮನೆಯ ಹೆಸರು, ಅದರ ಕೆಳಗೆ ಯಾರದೋ ಫೋನಿನ ಹಾಟ್‌ಸ್ಪಾಟ್. ಸಿಗ್ನಲ್ ನೋಡುವ ಮೊದಲೇ ಗೆದ್ದೆ ಅಂತ ಗೊತ್ತಾಗಿತ್ತು. ಆದರೂ ಅಳೆದೆ:

ಜಗಲಿ: ಮೈನಸ್ 62 ಇದ್ದದ್ದು ಮೈನಸ್ 35.
ಊಟದ ಮನೆ: ಮೈನಸ್ 85 ಇದ್ದದ್ದು ಮೈನಸ್ 56.
ಉಪ್ಪರಿಗೆ: ಕನೆಕ್ಟ್ ಆಗದಿದ್ದದ್ದು ಮೈನಸ್ 67.

ಊಟದ ಮನೆಯಲ್ಲಿ ಡೌನ್‌ಲೋಡ್ ವೇಗ 1 ಎಂಬಿಪಿಎಸ್ ಮುಟ್ಟದ್ದು 31ಕ್ಕೆ ಹೋಯಿತು.

ಹಳೆಯ ಎರಡೂ ಫೈಲ್ ಅಳಿಸಿ, ಡಾಟ್ ಕಾನ್ಫ್ ಸೇರಿಸಿ ಹೊಸದು ಮಾಡಿದೆ. ಒಳಗೆ ಒಂದೇ ಸಾಲು: ಆಪ್ಶನ್ಸ್, ಡ್ರೈವರ್ ಹೆಸರು, ಆಂಟ್ ಅಂಡರ್‌ಸ್ಕೋರ್ ಸೆಲ್ ಈಕ್ವಲ್ 2. ರೀಸ್ಟಾರ್ಟ್ ಮಾಡಿ, ಸಿಸ್ ಫೋಲ್ಡರ್‌ನಲ್ಲಿ 2 ಅಂತ ಕಂಡ ಮೇಲೇ ಬಿಟ್ಟೆ. ಪವರ್‌ಸೇವ್ ಸೆಟ್ಟಿಂಗನ್ನು ಮೊದಲಿದ್ದ 3ಕ್ಕೇ ತಂದೆ. ಕಂಪೈಲ್‌ಗೆ ತಂದ ಕೋಡ್ ಅಳಿಸಿದೆ. ರೂಟರ್‌ನಲ್ಲಿ 5 ಗಿಗಾಹರ್ಟ್ಸ್ ಮತ್ತೆ ಆನ್ ಮಾಡುವುದನ್ನು ಮರೆತೇಬಿಟ್ಟಿದ್ದೆ, ಭಾವ ಫೋನ್ ನಿಧಾನ ಆಗಿದೆ ಅಂದಾಗ ನೆನಪಾಯಿತು.

ನಿಮ್ಮ ಲ್ಯಾಪ್‌ಟಾಪ್‌ನಲ್ಲಿ 2ರ ಬದಲು 1 ಸರಿ ಬರಬಹುದು, ತಂತಿ ಯಾವ ಬಟನ್‌ನಲ್ಲಿದೆ ಅನ್ನುವುದರ ಮೇಲೆ. ಬಿಚ್ಚಿ ನೋಡುವುದು ಬೇಡ. ಎರಡನ್ನೂ ಕೈಯಲ್ಲಿ ಕೊಟ್ಟು, ರೂಟರ್‌ನಿಂದ ಒಂದು ಗೋಡೆ ಆಚೆ ಕೂತು ಅಳೆಯಿರಿ. ಫೈಲ್ ಬರೆಯುವುದು ಆಮೇಲೆ.

ಖರ್ಚು: ಸ್ಕ್ರೂಡ್ರೈವರ್ ಸೆಟ್ 180. ಡಾಂಗಲ್‌ನಿಂದ ಆದ ನಷ್ಟ 50. ಪೇಟೆಗೆ ಎರಡು ಸಲ ಹೋಗಿಬಂದ ಪೆಟ್ರೋಲ್ ಸುಮಾರು 100. ಒಟ್ಟು 330 ರೂಪಾಯಿ. ಕೆಲಸಕ್ಕೆ ಬೇಕಾಗಿದ್ದದ್ದು ಸೊನ್ನೆ. ಬಿಚ್ಚಿದ್ದು ಪೂರ್ತಿ ವ್ಯರ್ಥ ಅಂತ ನಾನು ಹೇಳಲ್ಲ. ಆ ಖಾಲಿ ಬಟನ್ ಕಣ್ಣಲ್ಲಿ ನೋಡದಿದ್ದರೆ ಆಯ್ಕೆಗಳ ಪಟ್ಟಿಯಲ್ಲಿ ಆಂಟ್ ಸೆಲ್ ನನಗೆ ಕಾಣುತ್ತಿರಲಿಲ್ಲ. ಭಾನುವಾರ ಕಂಡಿರಲಿಲ್ಲವಲ್ಲ.

8. ನವೆಂಬರ್ 9, ಭಾನುವಾರ: ಫೋನ್‌ನಲ್ಲಿ ವರದಿ

ಎರಡೂವರೆ ವಾರ ಆಯಿತು. ನಡುವೆ ಒಂದು ಕರ್ನಲ್ ಅಪ್‌ಡೇಟ್ ಬಂದು ಹೋಗಿದೆ. ಸೊಸೆಯ ಕೈಲೇ ಸಿಸ್ ಫೋಲ್ಡರ್ ನೋಡಿಸಿದೆ, 2 ಹಾಗೇ ಇದೆ. ಉಪ್ಪರಿಗೆಯಲ್ಲಿ ಕ್ಲಾಸ್ ನಡೆಯುತ್ತಿದೆ.

ಒಂದು ತೊಂದರೆ ಉಳಿದಿದೆ. ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡು, ಹಿಂದೆ ದೊಡ್ಡ ಡೌನ್‌ಲೋಡ್ ಇಟ್ಟರೆ ದನಿ ತುಂಡು ತುಂಡಾಗಿ ಬರುತ್ತದೆ. ವೈಫೈ, ಬ್ಲೂಟೂತ್ ಎರಡೂ ಅದೇ 2.4 ಗಿಗಾಹರ್ಟ್ಸ್‌ನಲ್ಲಿ, ಅದೇ ಒಂದು ತಂತಿಯಲ್ಲಿ ಸರದಿ ಮೇಲೆ ಮಾತಾಡಬೇಕಲ್ಲ. ಇದಕ್ಕೆ ನನ್ನ ಹತ್ತಿರ ಒಂದು ಸಾಲಿನ ಔಷಧಿ ಇಲ್ಲ. ಸದ್ಯಕ್ಕೆ ತಂತಿಯ ಇಯರ್‌ಫೋನ್ ಬಳಸು ಅಂದಿದ್ದೇನೆ. 'ಅದನ್ನ ಸರಿ ಮಾಡೋಕೆ ಎಷ್ಟು ಹೊತ್ತು ಬೇಕು ಮಾವ, ಒಂದು ಗಂಟೆ?' ಅಂದಳು.

ಹನ್ನೊಂದನೇ ಸ್ಕ್ರೂ ಕಸ ಗುಡಿಸುವಾಗ ಒರಳಿನ ಹಿಂದೆ ಸಿಕ್ಕಿತಂತೆ. ಅಕ್ಕ ಅದನ್ನು ಸಣ್ಣ ಡಬ್ಬಿಯಲ್ಲಿ ಹಾಕಿ ರೂಟರ್ ಪಕ್ಕ, ಗೂಡಿನಲ್ಲೇ ಇಟ್ಟಿದ್ದಾಳೆ. ಸಂಕ್ರಾಂತಿಗೆ ಹೋದಾಗ ಹಾಕಬೇಕು.